ರೂಪುಗೊಳ್ಳದ ಒಂದು ವ್ಯವಸ್ಥೆ: ‘ಲಾಂಗ್‌ಹಾರ್ನ್’

ಗಣಕಯಂತ್ರದ ಕಾರ್ಯವ್ಯವಸ್ಥೆಯನ್ನು ಕೃತಿಯೊಂದರಂತೆ ವಿಮರ್ಶಿಸಬಹುದೆ ಎಂದು ವಾಚಕರು ಶಂಕಿಸಬಹುದು. ರೂಪುಗೊಳ್ಳದೆ ಹೋದ ವ್ಯವಸ್ಥೆಯ ಮಟ್ಟಿಗಾದರೂ ಅನ್ಯಮಾರ್ಗವಿಲ್ಲ. ಉಳಿದಿರುವುದು ಅದರ ಕಲ್ಪನೆಯೊಂದೇ.

ಮೈಕ್ರೋಸಾಫ್ಟ್ ಸಂಸ್ಥೆಯ ‘ಲಾಂಗ್‌ಹಾರ್ನ್’, 2001ರ ವಿಂಡೋಸ್ ಎಕ್ಸ್‌ಪಿಯ ಅನಂತರ ಬರಬೇಕಾಗಿದ್ದ ಅಲ್ಪ ಪರಿಷ್ಕರಣ. 2003ರ ಅಕ್ಟೋಬರಿನಲ್ಲಿ ಲಾಸ್ ಏಂಜಲೀಸಿನಲ್ಲಿ ತಂತ್ರಜ್ಞರ ಮುಂದಿಟ್ಟಾಗ ಅದು ಯುಗಪ್ರವರ್ತಕನ ವೇಷ ತೊಟ್ಟಿತ್ತು. ‘ವಿನ್‌ಎಫ್‌ಎಸ್’ ಅದರ ಜೀವಾಳ. ಕಡತವನ್ನು ಎಲ್ಲಿಟ್ಟೆವೆಂದು ನಾವು ನೆನೆಯಬೇಕಾಗಿಲ್ಲ. ಯಾರು ಬರೆದದ್ದು, ಯಾವ ಪ್ರಸಂಗದ್ದು ಎಂಬ ಸಂಬಂಧಗಳಿಂದಲೇ ಯಂತ್ರ ಅದನ್ನು ಹುಡುಕಿಕೊಡಬೇಕು. ಕಲ್ಪನೆ ಉದಾತ್ತವಾದುದೇ ಸರಿ. ಆದರೆ ಸಂಬಂಧಗಳನ್ನು ಹೆಸರಿಸುವವರು ಯಾರು? ಒಂದೇ ಸಂಸ್ಥೆ ಮೊದಲೇ ಗೆರೆ ಎಳೆದಿಟ್ಟ ನಮೂನೆಗಳಿಗೆ ಸಕಲ ತಂತ್ರಾಂಶಗಳೂ ಒಗ್ಗಬೇಕಾಗಿತ್ತು. ಸೋದರಮಾವನನ್ನೂ ಚಿಕ್ಕಪ್ಪನನ್ನೂ ಒಂದೇ ಪದಕ್ಕಿಳಿಸುವ ಭಾಷೆಯ ನಮೂನೆಗಳ ವಿಷಯದಲ್ಲಿ ಕನ್ನಡಿಗರಾದ ನಮಗೆ ತುಸು ಸಂಶಯವಿದ್ದರೆ ಅದು ಸಹಜ. ಇಂಥದೊಂದು ಭಾರವನ್ನು ಹೊಸ ಚಿತ್ರಣವ್ಯವಸ್ಥೆ, ಹೊಸ ಸಂಪರ್ಕವ್ಯವಸ್ಥೆಗಳ ಜೊತೆಗೆ ಒಂದೇ ಆವೃತ್ತಿಯ ಮೇಲೆ ಹೇರಿದುದು ವಿವೇಕವೆನಿಸದು.

2004ರ ಆಗಸ್ಟಿನ ವೇಳೆಗೆ, ಕಟ್ಟಿದ್ದನ್ನು ಬಹುಮಟ್ಟಿಗೆ ಬದಿಗೊತ್ತಿ ಸರ್ವರ್ 2003ರ ತಳಹದಿಯ ಮೇಲೆ ಕೆಲಸ ಮರಳಿ ತೊಡಗಿತು. ವಿನ್‌ಎಫ್‌ಎಸ್ ಹೊರಗುಳಿಯಿತು, ಅದನ್ನು ಪ್ರತ್ಯೇಕವಾಗಿ ಹೊರತರುವ ಯೋಜನೆಯೂ 2006ರಲ್ಲಿ ಕೊನೆಗೊಂಡಿತು. 2007ರ ಜನವರಿಯಲ್ಲಿ ಜನರ ಕೈಸೇರಿದ ‘ವಿಸ್ಟಾ’, ಕಡತದೊಳಗಿನ ಪದಗಳನ್ನು ಚುರುಕಾಗಿಯೇ ಹುಡುಕುತ್ತಿತ್ತು. ಯಾವ ಕರಡು ಯಾವ ಲೇಖನವಾಯಿತೆಂಬುದು ಮಾತ್ರ ಅದಕ್ಕೆ ತಿಳಿಯುತ್ತಿರಲಿಲ್ಲ.