ಗಾಳಿಗೆ ಎಡೆ ಕೊಟ್ಟವರು

ಕ್ವಾಲಾಲಂಪುರದ ಪೆಟ್ರೊನಾಸ್ ಅವಳಿ ಗೋಪುರಗಳ ಬುಡದಲ್ಲೇ ಸುರಿಯಾ ಮಾಲ್. ಅಂಗಡಿ ಸುತ್ತಲು ಬಂದವರು ಕತ್ತೆತ್ತಿದರೆ ಕಾಣುವುದು 41, 42ನೇ ಮಹಡಿಗಳಲ್ಲಿ ಗೋಪುರಗಳನ್ನು ಬೆಸೆಯುವ ಸೇತುವೆ. ನನಗೆ ಮಾತ್ರ ಅದನ್ನು ಹೊತ್ತ ಓರೆಗಾಲುಗಳನ್ನು ಎಷ್ಟು ನೋಡಿದರೂ ಸಾಲದು. ಗಾಳಿ ಬಂದರೆ ಎರಡೂ ಗೋಪುರಗಳು ತಮ್ಮ ಪಾಡಿಗೆ ತಾವು ತೂಗುತ್ತವೆ. ಸೇತುವೆಯನ್ನು ಬಿಗಿದು ಕಟ್ಟುವಂತಿಲ್ಲ. ಅದಕ್ಕೇ ತುದಿಗಳಲ್ಲಿ ಜಾರಾಡಲು ಎಡೆ. ಕೆಳಗೆ 29ನೇ ಮಹಡಿಯಲ್ಲಿ, ಕಾಲುಗಳ ಬುಡಕ್ಕೆ, ನಮ್ಮ ಭುಜದ ಕೀಲಿನಂತೆ ತಿರುಗುವ ಗುಂಡನೆಯ ಬೇರಿಂಗು. ಎಂಥ ನಾಜೂಕು!

ಇದರ ಹಿಂದಿರುವುದು ಥಾರ್ನ್‌ಟನ್ ಟೊಮಾಸೆಟ್ಟಿ ಸಂಸ್ಥೆಯ ಎಂಜಿನಿಯರುಗಳ ದಶಕಗಳ ಪಳಗಿದ ಕೈ. 2004ರಲ್ಲಿ ಮುಗಿದ ತೈಪೆ 101ರಲ್ಲೂ ಇವರು ದುಡಿದಿದ್ದಾರೆ. ಅಲ್ಲೂ ಕೆಳಗೆ ಮಾಲ್. ಮೇಲೆ ಉಕ್ಕಿನ ಹಗ್ಗಗಳಲ್ಲಿ ತೂಗುವ 660 ಟನ್ನಿನ ಗುಂಡು. ಗೋಪುರ ವಾಲಿದಾಗ ಗುಂಡು ಹಿಂದುಳಿದು, ಮೆಲ್ಲಗೆ ಜಗ್ಗಿ, ಅದರ ತೂಗಾಟ ತಗ್ಗಿಸುತ್ತದೆ.