ಮೈಕಿನ ಮುಂದೆ ಮತ್ತಾಯ

ರೋಣ, ನರಗುಂದ, ಗಜೇಂದ್ರಗಡದ ಸೀಮೆಯಲ್ಲಿ ಹಾಡುವವರಿಗೂ ಪಾತ್ರ ಮಾಡುವವರಿಗೂ ಬರವಿಲ್ಲ. ಅವರಲ್ಲಿ ಕ್ರೈಸ್ತರು ಕಡಿಮೆ, ಹಾಗಾಗಿ ಜನರ ಕಣ್ಣು ಅವರ ಮೇಲೆ ಹೆಚ್ಚು. ಅಂಥವರೊಬ್ಬರನ್ನು ಮನಸ್ಸಿನಲ್ಲಿಟ್ಟುಕೊಂಡು ಮತ್ತಾಯನ ಸುವಾರ್ತೆಯ ಆರನೆಯ ಅಧ್ಯಾಯದ ಮೊದಲ ಆರು ವಚನಗಳನ್ನು ಓದಬಹುದು.

ವಚನ 1: ಜನ ನೋಡಲೆಂದೇ ಧರ್ಮಕಾರ್ಯ ಮಾಡುವುದರ ಬಗ್ಗೆ ಎಚ್ಚರಿಕೆ. ಆದರೆ ಹಿಂದಿನ ಅಧ್ಯಾಯದಲ್ಲೇ (5:16) ಒಳ್ಳೆಯ ಕೆಲಸ ನಾಲ್ಕು ಜನರ ಕಣ್ಣಿಗೆ ಬೀಳಬೇಕೆಂದವನೂ ಯೇಸುವೇ. ಅಲ್ಲಿ ನೋಡಿದವರ ಹೊಗಳಿಕೆ ದೇವರಿಗೆ ಹೋಗುತ್ತದೆ, ಇಲ್ಲಿ ಮಾಡಿದವನ ಹತ್ತಿರವೇ ಉಳಿಯುತ್ತದೆ. ಕಾಣಿಸಿಕೊಳ್ಳುವುದಕ್ಕೆ ಅಡ್ಡಿಯಿಲ್ಲ. ರೋಣದಲ್ಲಿ ಹುಟ್ಟಿದ ಭೀಮಸೇನ ಜೋಶಿಯವರ ಅಭಂಗ ಕೇಳಿದವರಿಗೆ, ಭಕ್ತಿಯನ್ನು ತುಂಬಿದ ಸಭೆಯಲ್ಲೂ ಹಾಡಬಹುದೆಂದು ಬೇರೆ ಹೇಳಬೇಕಿಲ್ಲ.

ವಚನ 2: ದಾನ ಮತ್ತು ತುತೂರಿ. ಜಾತ್ರೆಯ ನಾಟಕಕ್ಕೆ ಹೋದರೆ ಅರ್ಥ ತಾನೇ ಆಗುತ್ತದೆ. ಹಾಡು ಮುಗಿದಿರುವುದಿಲ್ಲ, ನೂರು ರೂಪಾಯಿ ಬಹುಮಾನ ಕೊಟ್ಟವರ ಹೆಸರು ಮೈಕಿನಲ್ಲಿ ಬಂದಿರುತ್ತದೆ. ಯೇಸು ಇಂಥವರನ್ನು ಶಪಿಸುವುದಿಲ್ಲ, ಲೆಕ್ಕ ಚುಕ್ತಾ ಆಯಿತು ಎನ್ನುವ ಧಾಟಿಯಲ್ಲಿ ಮಾತಾಡುತ್ತಾನೆ. ಹೆಸರು ಬೇಕಿತ್ತು, ಸಿಕ್ಕಿತು, ಬಾಕಿ ಏನೂ ಇಲ್ಲ.

ವಚನ 3: ಎಡಗೈ, ಬಲಗೈ. ಗುಟ್ಟಾಗಿ ಕೊಡಬೇಕೆಂಬ ಉಪದೇಶವೆಂದಷ್ಟೇ ಇದನ್ನು ಓದುವವರು ಬಹಳ. ಆದರೆ ಎರಡೂ ಕೈ ಒಬ್ಬನವೇ ಅಲ್ಲವೇ? ಹಾಗಾದರೆ ಮರೆಸಬೇಕಾದದ್ದು ಊರವರಿಂದಲ್ಲ, ತನ್ನಿಂದಲೇ. ಪೇಟಿ ಬಾರಿಸುವವರನ್ನು ನೋಡಿ: ಬಲಗೈ ಸ್ವರಗಳ ಮೇಲೆ ಓಡುತ್ತಿರುತ್ತದೆ, ಎಡಗೈ ಹಿಂದೆ ಗಾಳಿ ಹಾಕುತ್ತಿರುತ್ತದೆ. ಬಲಗೈಯ ಚಮತ್ಕಾರಕ್ಕೆ ಎಡಗೈ ಬೆರಗಾಗಿ ನಿಂತರೆ ಸ್ವರವೇ ಹೊರಡದು. ಹಾಡುತ್ತಿರುವಾಗಲೇ ‘ಇವತ್ತು ಚಲೋ ಬಂತು’ ಎಂದು ಒಳಗೇ ತಲೆದೂಗುವ ಪ್ರೇಕ್ಷಕನನ್ನು ಎಬ್ಬಿಸಿ ಕಳಿಸುವುದು ಹೊರಗಿನ ಸಾವಿರ ಜನರನ್ನು ಮರೆಯುವುದಕ್ಕಿಂತ ಕಷ್ಟ.

ವಿನಯಕ್ಕೂ ಈ ಕಾಟ ತಪ್ಪಿದ್ದಲ್ಲ. ಬಾಸೆಲ್ ಮಿಷನ್ನಿನ ಪಾದ್ರಿ ಉತ್ತಂಗಿ ಚನ್ನಪ್ಪನವರು (1881–1962) ಸರ್ವಜ್ಞನ ತ್ರಿಪದಿಗಳನ್ನು ಕೂಡಿಸಿ 1924ರಲ್ಲಿ ಪ್ರಕಟಿಸಿದರು. 1949ರ ಕಲಬುರಗಿ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಪಾದ್ರಿಯೊಬ್ಬ ಸರ್ವಜ್ಞನ ಬೆನ್ನು ಹತ್ತಿದರೆ ಚರ್ಚಿನವರೂ ನೋಡುತ್ತಾರೆ, ಮಠದವರೂ ನೋಡುತ್ತಾರೆ. ಉತ್ತಂಗಿಯವರು ತಮ್ಮನ್ನು ಕರೆದುಕೊಂಡದ್ದು ‘ತಿರುಳ್ಗನ್ನಡದ ತಿರುಕ’ ಎಂದು. ತಿರುಕನೆಂಬುದೂ ಒಂದು ವೇಷವಾಗಬಹುದು, ರಂಗದ ಮೇಲೆ ಚೆನ್ನಾಗಿ ಒಪ್ಪುವ ವೇಷ! ಉತ್ತಂಗಿಯವರಲ್ಲಿ ಹಾಗಾಗಲಿಲ್ಲವೆಂದು ನನಗನಿಸುವುದು ಆ ಪುಸ್ತಕದಿಂದಲೇ. ಅದನ್ನು ತೆರೆದವರಿಗೆ ಸಿಗುವವನು ಸರ್ವಜ್ಞ.

ವಚನ 4: ಮರೆಯಲ್ಲಿ ನೋಡುವ ತಂದೆ. ಜರ್ಮನಿಯ ಸಂಗೀತಕಾರ ಬಾಖ್ ತನ್ನ ಎಷ್ಟೋ ಕೃತಿಗಳ ಹಸ್ತಪ್ರತಿಯ ಕೊನೆಗೆ, ಮಹಿಮೆ ದೇವರೊಬ್ಬನದೇ ಎಂಬರ್ಥದ ಮೂರು ಅಕ್ಷರ ಬರೆಯುತ್ತಿದ್ದ. ಕಛೇರಿಯಲ್ಲಿ ಕೂತವರಿಗೆ ಅವು ಕೇಳಿಸುವುದಿಲ್ಲ.

ವಚನ 5: ಬೀದಿಯ ಮೂಲೆಯ ಪ್ರಾರ್ಥನೆ. ಇದು ನಮ್ಮ ಭಾಗದ ಮಿಷನರಿಗಳಿಗೆ ಕುತ್ತಿಗೆಗೇ ಬರುವ ವಚನ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ 1841ರ ಹೊತ್ತಿಗೆ ಗದಗದ ಪಕ್ಕದ ಬೆಟಗೇರಿಯಲ್ಲಿ ನೆಲೆಯೂರಿತು. ಸಂತೆ, ಜಾತ್ರೆಗಳೇ ಅವರ ವೇದಿಕೆ. ಸಾರುವುದು ಬೇರೆ, ಪ್ರಾರ್ಥಿಸುವುದು ಬೇರೆ ಎಂದು ಸಮಾಧಾನ ಹೇಳಬಹುದು. ಆದರೆ ಅವರು ಬರೆದ ವರದಿಗಳು ಯುರೋಪಿನಲ್ಲಿ ಅಚ್ಚಾಗಿ, ಮಿಷನ್ನಿಗೆ ಹಣ ಕೊಡುವವರ ಕೈಸೇರುತ್ತಿದ್ದವು. ಎದುರಿಗೆ ಸಂತೆಯ ಜನ, ಬೆನ್ನ ಹಿಂದೆ ದೂರದ ದಾನಿಗಳು. ಎರಡು ಕಡೆಯ ಪ್ರೇಕ್ಷಕರ ನಡುವೆ ನಿಂತು ಮಾತಾಡುವುದು ಸುಲಭವಿರಲಾರದು.

ವಚನ 6: ಬಾಗಿಲು ಹಾಕಿದ ಕೋಣೆ. ಎರೆಸೀಮೆಯ ಹಳೆಯ ಮಾಳಿಗೆ ಮನೆಯಲ್ಲಿ ದನ, ಜನ, ಕಾಳುಕಡಿ ಎಲ್ಲ ಒಂದೇ ಸೂರಿನಡಿ. ಒಬ್ಬನೇ ಕೂರುವ ಕೋಣೆ ಎಲ್ಲಿಂದ ಬರಬೇಕು? ನಾಟಕದವರ ಬಣ್ಣದ ಕೋಣೆಯೂ ಹಾಗೆಯೇ. ಉಳಿದವರೆಲ್ಲ ತಮ್ಮ ದೇವರಿಗೆ ಕೈಮುಗಿಯುವಾಗ ಕ್ರೈಸ್ತ ನಟ ಏನು ಮಾಡುತ್ತಾನೆಂದು ಓರೆಗಣ್ಣು ಇದ್ದೇ ಇರುತ್ತದೆ. ಎದ್ದು ಕಾಣುವಂತೆ ಶಿಲುಬೆಯ ಗುರುತು ಹಾಕಿಕೊಂಡರೂ, ಹೆದರಿ ಸುಮ್ಮನಾದರೂ, ಎರಡೂ ಆ ಓರೆಗಣ್ಣಿಗಾಗಿಯೇ ಮಾಡಿದಂತೆ. ಕೆನ್ನೆಗೆ ಬಣ್ಣ ತಿಕ್ಕುತ್ತಲೇ ಮನಸ್ಸಿನೊಳಗೆ ಪ್ರಾರ್ಥಿಸಿ ಮೂರನೆಯ ಗಂಟೆಗೆ ಎದ್ದು ಹೋದವನು ಬಾಗಿಲು ಹಾಕಿಕೊಂಡೇ ಬಂದಿದ್ದಾನೆ ಎಂಬುದು ನನ್ನ ಓದು.