ಕೈವಾರ ತಾತಯ್ಯನವರ ಪದಗಳು: ಬರಹ ಮತ್ತು ಹಾಡಿಕೆ

ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟುವ ಉತ್ತರ ಪಿನಾಕಿನಿಯು ವಿದುರಾಶ್ವತ್ಥವನ್ನು ಹಾದು ಆಂಧ್ರಪ್ರದೇಶವನ್ನು ಪ್ರವೇಶಿಸುತ್ತದೆ. ಗೌರಿಬಿದನೂರಿನಿಂದ ಚಿಂತಾಮಣಿಯವರೆಗಿನ ಈ ಗಡಿಸೀಮೆಯಲ್ಲಿ ಕನ್ನಡ, ತೆಲುಗುಗಳೆರಡೂ ಅನೇಕ ಮನೆಗಳ ಆಡುಮಾತುಗಳಾಗಿವೆ. ಚಿಂತಾಮಣಿ ತಾಲ್ಲೂಕಿನ ಕೈವಾರದ ನಾರಾಯಣಪ್ಪನವರ ಸಾಹಿತ್ಯವನ್ನು ಈ ದ್ವಿಭಾಷಿಕ ಪರಿಸರದಿಂದ ಬೇರ್ಪಡಿಸಿ ನೋಡಲಾಗದು.

ಸಂಪ್ರದಾಯವು ಅವರ ಕಾಲವನ್ನು 1726ರಿಂದ 1836 ಎಂದು ಹೇಳುತ್ತದೆ. ಬಳೆ ಮಾರಿ ಸಂಸಾರ ಸಾಗಿಸುತ್ತಿದ್ದ ಅವರು ಪರದೇಶಿ ಸ್ವಾಮಿಗಳಿಂದ ಉಪದೇಶ ಪಡೆದು, ನರಸಿಂಹಗುಡ್ಡದ ಗವಿಯಲ್ಲಿ ತಪಸ್ಸು ಮಾಡಿದರೆಂದು ಐತಿಹ್ಯ ತಿಳಿಸುತ್ತದೆ. ಅಮರ ನಾರೇಯಣ ಶತಕ, ಕಾಲಜ್ಞಾನ ಹಾಗೂ ತೆಲುಗು, ಕನ್ನಡಗಳ ಕೀರ್ತನೆಗಳು ಅವರ ಹೆಸರಿನಲ್ಲಿ ಉಳಿದಿವೆ. ಸಂಸ್ಕೃತದ 'ನಾರಾಯಣ'ವು ಅಂಕಿತದಲ್ಲಿ 'ನಾರೇಯಣ'ವಾಗಿರುವುದು ಗಮನಾರ್ಹ. ಕೃತಿಯ ಮುದ್ರೆಯಲ್ಲಿಯೇ ಆಡುಮಾತು ನೆಲೆಗೊಂಡಿದೆ.

ಇಂತಹ ಬಹುಮುಖ ಪ್ರತಿಭೆಯನ್ನು ಗ್ರಹಿಸುವಲ್ಲಿ ವಿಮರ್ಶೆಗೆ ಎರಡು ತೊಡಕುಗಳು ಎದುರಾಗುತ್ತವೆ. ಮೊದಲನೆಯದು ಭಾಷೆಯ ಚೌಕಟ್ಟು. ಒಂದೊಂದು ಭಾಷೆಗೆ ಸೀಮಿತವಾದ ಸಾಹಿತ್ಯಚರಿತ್ರೆಯಲ್ಲಿ ಎರಡು ಭಾಷೆಗಳ ಕವಿಗೆ ಪೂರ್ಣ ಸ್ಥಾನ ದೊರೆಯುವುದು ಕಷ್ಟ. ತೆಲುಗು ಪದವನ್ನು ಕನ್ನಡ ಲಿಪಿಯಲ್ಲಿ ಬರೆದುಕೊಂಡು ಹಾಡುವ ಭಜನಕಾರನಿಗೆ ಮಾತ್ರ ಈ ತೊಡಕಿಲ್ಲ. ಎರಡನೆಯದು ಕಾಲಜ್ಞಾನದ ಪ್ರಭಾವ. ಪೋತುಲೂರಿ ವೀರಬ್ರಹ್ಮಂ ಅವರ ಪರಂಪರೆಯನ್ನು ನೆನಪಿಸುವ ಈ ಪ್ರಕಾರವನ್ನು ಭವಿಷ್ಯವಾಣಿಯೆಂದು ಮಾತ್ರ ಓದಿದಾಗ, ಅದರೊಳಗಿನ ಸಮಾಜ ವಿಮರ್ಶೆಯೂ ಕರ್ತೃವಿನ ಗಾಯಕ ವ್ಯಕ್ತಿತ್ವವೂ ಮರೆಯಾಗುತ್ತವೆ.

ಹದಿನಾಲ್ಕನೆಯ ಶತಮಾನದ ಫ್ರಾನ್ಸಿನ ಗಿಯೋಮ್ ದ ಮಾಶೋ ಅವರ ನಿದರ್ಶನ ಇಲ್ಲಿ ಉಪಯುಕ್ತ. ಕವಿಯೂ ಸಂಗೀತಗಾರರೂ ಆಗಿದ್ದ ಮಾಶೋ (ನಿಧನ 1377) ತಮ್ಮ ಕಾವ್ಯವನ್ನೂ ಸ್ವರಲಿಪಿಯನ್ನೂ ಒಂದೇ ಹಸ್ತಪ್ರತಿಗಳಲ್ಲಿ ಸಂಕಲಿಸುವ ಕಾರ್ಯದಲ್ಲಿ ಆಸಕ್ತಿ ವಹಿಸಿದ್ದರು. ಆದ್ದರಿಂದ ಅವರಲ್ಲಿನ ಕವಿ ಮತ್ತು ಸಂಗೀತಗಾರ ಜೊತೆಯಾಗಿಯೇ ಉಳಿದರು. ತಾತಯ್ಯನವರ ಪದಗಳ ಸ್ಥಿತಿ ಬೇರೆ. ಇಲ್ಲಿ ಸಾಹಿತ್ಯವು ಪುಸ್ತಕಕ್ಕೆ ಬಂದಿದೆ. ಧಾಟಿಯು ಹಾಡುಗಾರರ ಕಂಠದಲ್ಲಿದೆ. ತಂಬೂರಿ, ತಾಳಗಳ ನಡುವೆ ಪಲ್ಲವಿ ಮರಳಿ ಬರುವಾಗ ಮೇಳವು ದನಿಗೂಡಿಸುತ್ತದೆ. ಮುದ್ರಿತ ಪುಟದಲ್ಲಿ ಬರಿಯ ಪುನರುಕ್ತಿಯಾಗಿ ಕಾಣುವ ಸಾಲು, ಹಾಡಿಕೆಯಲ್ಲಿ ಕೇಳುಗರನ್ನು ಒಳಗೊಳ್ಳುವ ಸಾಧನವಾಗುತ್ತದೆ.

ಕೈವಾರದಲ್ಲಿ ಗುರುಪೂರ್ಣಿಮೆಯ ಸಂದರ್ಭದಲ್ಲಿ ನಡೆಯುವ ಸಂಗೀತೋತ್ಸವದಲ್ಲಿ ಶಾಸ್ತ್ರೀಯ ಗಾಯಕರೂ ಹಳ್ಳಿಯ ಭಜನಾ ಮೇಳಗಳೂ ಪಾಲ್ಗೊಳ್ಳುತ್ತಾರೆ. ಇದು ಸ್ವಾಗತಾರ್ಹ. ಆದರೆ ಕಛೇರಿಯ ರಾಗಸಂಯೋಜನೆಯೇ ಮೂಲವೆಂದೂ ಹಳ್ಳಿಯ ಧಾಟಿ ಅದರ ಅಪಭ್ರಂಶವೆಂದೂ ಭಾವಿಸುವುದು ಶಾಸ್ತ್ರೀಯವಲ್ಲ. ಜಾನಪದ ಅಧ್ಯಯನದಲ್ಲಿ ಪಾಠಾಂತರವು ದೋಷವಲ್ಲ, ಆಕರ. ಒಂದೇ ಪದದ ಭಿನ್ನ ಧಾಟಿಗಳನ್ನು ಊರು, ಸಂದರ್ಭ, ವಾದ್ಯಗಳ ವಿವರದೊಡನೆ ಧ್ವನಿಮುದ್ರಿಸಿ ಪಠ್ಯದ ಜೊತೆಗಿರಿಸಬೇಕಾಗಿದೆ. ಹಿರಿಯ ಹಾಡುಗಾರರು ಇಲ್ಲವಾದಂತೆ ಧಾಟಿಗಳೂ ಇಲ್ಲವಾಗುವುದರಿಂದ ಈ ಕೆಲಸ ತಡವಾಗಬಾರದು. ಅದು ನಡೆಯದ ಹೊರತು ಪ್ರಕಟವಾಗುವ ಯಾವ ಸಂಪುಟವೂ ತಾತಯ್ಯನವರ ಸಮಗ್ರ ಸಾಹಿತ್ಯವೆನಿಸದು.